ದೇವರನ್ನು ಉಳಿಸಲು ಸತ್ತವರನ್ನು ದೂರುವ ತರ್ಕ

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಮುಂಗೇರ್, ಮುಜಫ್ಫರಪುರ ಪಟ್ಟಣಗಳು ಕುಸಿದುಬಿದ್ದವು. ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹರಿಜನ ಯಾತ್ರೆಯ ಮೇಲೆ ತಮಿಳು ಸೀಮೆಯಲ್ಲಿದ್ದ ಗಾಂಧೀಜಿ, ಇದು ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ಅಸ್ಪೃಶ್ಯತೆಯ ಕಡು ವಿರೋಧಿಯೇ ಆಗಿದ್ದ ರವೀಂದ್ರನಾಥ ಟಾಗೋರರು ಈ ಮಾತನ್ನು ಬಹಿರಂಗವಾಗಿ ಖಂಡಿಸಿದರು. ಗಾಂಧೀಜಿ ಆ ಖಂಡನೆಯನ್ನು ತಮ್ಮ ‘ಹರಿಜನ್’ ಪತ್ರಿಕೆಯಲ್ಲೇ ಅಚ್ಚು ಹಾಕಿದರು. ತಮ್ಮ ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಟಾಗೋರರದೇ ಸರಿ. ಭೌತಿಕ ಅನಾಹುತಕ್ಕೆ ಇರುವುದು ಭೌತಿಕ ಕಾರಣ. ಭಾರತದ ಭೂಫಲಕ ಹಿಮಾಲಯದ ಅಡಿಗೆ ನುಗ್ಗುತ್ತಲೇ ಇದೆ; ಒತ್ತಡ ಮಿತಿಮೀರಿದಾಗ ಬಂಡೆ ಜಾರುತ್ತದೆ, ನೆಲ ಅದುರುತ್ತದೆ. ಆ ಅದುರುವಿಕೆ ಯಾರ ಜಾತಿಯನ್ನೂ ಕೇಳಲಿಲ್ಲ. ಇದು ಶಿಕ್ಷೆಯೇ ಆಗಿದ್ದರೆ, ಗೋಡೆಯಡಿ ಸಿಕ್ಕ ತೊಟ್ಟಿಲ ಕೂಸು ಯಾರನ್ನು ಮುಟ್ಟಿಸಿಕೊಳ್ಳದೆ ದೂರ ಇಟ್ಟಿತ್ತು?

ಈ ಒಂದು ಪ್ರಶ್ನೆಯ ಮುಂದೆ ದೇವರ ವಕೀಲರ ವಾದಗಳೆಲ್ಲ ಸೋಲುತ್ತವೆ. ಕೇಡು ಮನುಷ್ಯನ ಇಚ್ಛಾಸ್ವಾತಂತ್ರ್ಯದ ಫಲವೆನ್ನುವವರು, ಭೂಕಂಪ ಯಾರ ಇಚ್ಛೆಯೆಂದು ಹೇಳಬೇಕು. ಸಂಕಟ ಪರೀಕ್ಷೆಯೆನ್ನುವವರು, ಮಾತೇ ಬಾರದ ಕೂಸಿಗೆ ಎಂಥ ಪರೀಕ್ಷೆಯೆಂದು ಹೇಳಬೇಕು. ದೇವರ ಮೇಲಿನ ಪಕ್ಷಪಾತ, ಕ್ರೌರ್ಯಗಳ ಆರೋಪವನ್ನು ಬ್ರಹ್ಮಸೂತ್ರವೇ ಎತ್ತಿಕೊಂಡು, ಜೀವಿಗಳ ಕರ್ಮವೇ ಕಾರಣವೆಂದು ಉತ್ತರಿಸುತ್ತದೆ. ಮೊದಲ ಕರ್ಮ ಎಲ್ಲಿಂದ ಬಂತೆಂದರೆ, ಸಂಸಾರ ಅನಾದಿ ಎನ್ನುತ್ತದೆ. ಸಾಲ ತಂದವರ ಗುರುತಿಲ್ಲ, ಪತ್ರವಿಲ್ಲ. ವಸೂಲಿ ಮಾತ್ರ ಕೂಸಿನಿಂದ.

ಈ ತರ್ಕ ಮಠ, ಗ್ರಂಥಗಳೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಕೇರಿಯಲ್ಲಿ ಹುಟ್ಟಿದವನಿಗೆ ‘ಹಿಂದಿನ ಜನ್ಮದಲ್ಲಿ ಮಾಡಿದ್ದನ್ನು ಉಣ್ಣು’ ಎಂದು ತಲೆಮಾರುಗಳ ಕಾಲ ಹೇಳಿದ್ದು ಇದೇ ತರ್ಕ. ಬಾವಿಯ ನೀರು ನಿರಾಕರಿಸಿದವನನ್ನು ಬಿಟ್ಟು, ನೀರು ಸಿಗದವನನ್ನೇ ಅದು ತಪ್ಪಿತಸ್ಥನನ್ನಾಗಿಸಿತು. ಅಸ್ಪೃಶ್ಯತೆಯನ್ನು ಕಡಿಯಲು ಗಾಂಧೀಜಿ ಎತ್ತಿಕೊಂಡದ್ದು ಅಸ್ಪೃಶ್ಯತೆಯನ್ನು ಸಾಕಿದ ಕತ್ತಿಯನ್ನೇ. ಸನಾತನಿಗಳು ಅದೇ ಕತ್ತಿ ಹಿಡಿದು ಭೂಕಂಪದ ಹೊಣೆಯನ್ನು ಗಾಂಧೀಜಿಯ ಮೇಲೆಯೇ ಹೊರಿಸಬಹುದೆಂದು ಟಾಗೋರರು ಎಚ್ಚರಿಸಿದ್ದರು.

ಎಲ್ಲವನ್ನೂ ಬಲ್ಲ, ಎಲ್ಲವನ್ನೂ ಮಾಡಬಲ್ಲ, ಪೂರ್ಣ ಒಳ್ಳೆಯವನಾದ ದೇವರು ಆ ಮಧ್ಯಾಹ್ನ ಇದ್ದಿದ್ದರೆ ಕೂಸು ಬದುಕುತ್ತಿತ್ತು. ಕೂಸು ಸತ್ತಿತು. ಆದ್ದರಿಂದ ಅಂಥ ದೇವರಿಲ್ಲ. ಅವನ ಶಕ್ತಿಗೆ ಮಿತಿಯಿದೆಯೆಂದೋ ಅವನ ಒಳ್ಳೆಯತನ ಪೂರ್ಣವಲ್ಲವೆಂದೋ ಒಪ್ಪಿಕೊಳ್ಳುವವರು ಪ್ರಾಮಾಣಿಕರು. ಎರಡನ್ನೂ ಉಳಿಸಿಕೊಳ್ಳಲು ಸತ್ತ ಕೂಸಿನ ಮೇಲೆ ಪಾಪ ಹೊರಿಸುವುದು ಭಕ್ತಿಯಲ್ಲ, ಅನ್ಯಾಯ.