ಓಕೆ ಒತ್ತುವ ಮೊದಲು ಓದಲಿ

ಆನ್‌ಲೈನ್ ಅರ್ಜಿ ತುಂಬುವಾಗ ಪರದೆಯ ಮೇಲೆ ದಿಢೀರನೆ ಸಣ್ಣ ಪೆಟ್ಟಿಗೆಯೊಂದು ಎದ್ದು 'ಈ ಅರ್ಜಿಯನ್ನು ಅಳಿಸಬೇಕೆ?' ಎಂದು ಕೇಳುತ್ತದಲ್ಲ, ಅದಕ್ಕೆ ನಮ್ಮ ಕಸುಬಿನಲ್ಲಿ ಅಲರ್ಟ್ ಅನ್ನುತ್ತೇವೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ವೆಬ್‌ಸೈಟು ಜನರ ಕೈಗೆ ಹೋಗುವ ಮೊದಲು ಸ್ಕ್ರಿಪ್ಟ್ ಬರೆದು, ಅದರಿಂದ ಸೈಟನ್ನು ಬಳಸಿಸಿ ನೋಡುವುದು ನನ್ನ ಕೆಲಸ.

ಈ ಪೆಟ್ಟಿಗೆ ಪುಟಕ್ಕೆ ಸೇರಿದ್ದಲ್ಲ, ಬ್ರೌಸರಿನದು. ಅದು ತೆರೆದಿರುವಷ್ಟು ಹೊತ್ತು ಹಿಂದಿನ ಪುಟ ಅಲುಗುವುದಿಲ್ಲ. ಪುಟದಲ್ಲಿ ಬಟನ್ ಹುಡುಕುವ ಸ್ಕ್ರಿಪ್ಟಿಗೆ ಅದು ಸಿಗುವುದೂ ಇಲ್ಲ. ಸೆಲೆನಿಯಂ ಎಂಬ ಟೆಸ್ಟಿಂಗ್ ಸಾಧನದಲ್ಲಾದರೆ ಮೊದಲು ಅಲರ್ಟಿನ ಕಡೆ ಹೊರಳಿ, ಆಮೇಲೆ ಓಕೆ ಅಥವಾ ಕ್ಯಾನ್ಸಲ್ ಹೇಳಬೇಕು. ಇಷ್ಟನ್ನು ಯಾವ ಟ್ರೈನಿಂಗ್ ಕ್ಲಾಸಿನಲ್ಲೂ ಕಲಿಸುತ್ತಾರೆ. ಪೆಟ್ಟಿಗೆಯೊಳಗೆ ಏನು ಬರೆದಿದೆ ಎಂದು ಓದಿಸುವುದನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಸ್ಕ್ರಿಪ್ಟ್ ಏನೂ ಹೇಳದಿದ್ದರೆ ಸೈಪ್ರೆಸ್ ಎಂಬ ಇನ್ನೊಂದು ಸಾಧನ ತಾನೇ ಓಕೆ ಒತ್ತಿ ಮುಂದೆ ಹೋಗುತ್ತದೆ. ಅಂಥದ್ದೇ ಸಾಧನವಾದ ಪ್ಲೇರೈಟ್ ತಾನೇ ಕ್ಯಾನ್ಸಲ್ ಒತ್ತುತ್ತದೆ. ಅಂದರೆ ಅದೇ ಪುಟ, ಅದೇ ಪ್ರಶ್ನೆ. ಒಂದರಲ್ಲಿ ಅರ್ಜಿ ಅಳಿಸಿಹೋಯಿತು, ಇನ್ನೊಂದರಲ್ಲಿ ಉಳಿಯಿತು. ಕೊನೆಗೆ ಅರ್ಜಿ ಇದೆಯೋ ಇಲ್ಲವೋ ನೋಡದಿದ್ದರೆ ಎರಡೂ ರಿಪೋರ್ಟಿನಲ್ಲಿ 'ಪಾಸ್'! ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ 2018ರಲ್ಲಿ ಅಂಗೀಕರಿಸಿದ, ಸ್ಕ್ರಿಪ್ಟಿನಿಂದ ಬ್ರೌಸರ್ ನಡೆಸುವ ವೆಬ್‌ಡ್ರೈವರ್ ಮಾನದಂಡ ಈ ವಿಷಯದಲ್ಲಿ ಮೇಲು. ನಿರೀಕ್ಷಿಸದ ಅಲರ್ಟ್ ಬಂದರೆ ಅದನ್ನು ಮುಚ್ಚುವುದರ ಜೊತೆಗೆ ಎರರನ್ನೂ ಕೊಡುತ್ತದೆ. ಆ ಎರರ್ ಕಿರಿಕಿರಿಯೆಂದು ಸೆಟ್ಟಿಂಗನ್ನೇ 'ಆಕ್ಸೆಪ್ಟ್' ಮಾಡಿಡುವ ತಂಡಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಹೀಗೆ ಎಲ್ಲಕ್ಕೂ ಓಕೆ ಒತ್ತುತ್ತಿದ್ದ ಒಂದು ಪ್ರಾಜೆಕ್ಟಿನಲ್ಲಿ, ಶುಲ್ಕ ಕಟ್ಟುವ ಪುಟದ ಕನ್ನಡ ಆವೃತ್ತಿ ಎಚ್ಚರಿಕೆಯ ಸಂದೇಶದ ಜಾಗದಲ್ಲಿ 'ಅನ್‌ಡಿಫೈನ್ಡ್' ಎಂದಷ್ಟೇ ತೋರಿಸುತ್ತಿತ್ತು. ಕನ್ನಡದ ಸಾಲನ್ನು ಫೈಲಿಗೆ ಸೇರಿಸಿರಲೇ ಇಲ್ಲ. ಟೆಸ್ಟುಗಳೆಲ್ಲ ಹಸಿರು. ಹೆಲ್ಪ್‌ಲೈನಿಗೆ ಫೋನ್ ಮಾಡಿದ ಹೆಂಗಸೊಬ್ಬರು, "ಏನೋ ಇಂಗ್ಲಿಷಲ್ಲಿ ಬಂತು ಸಾರ್, ಓಕೆ ಒತ್ತಿದೆ, ದುಡ್ಡು ಹೋಯ್ತಾ?" ಎಂದು ಕೇಳಿದ ಮೇಲೆ ವಿಷಯ ನಮ್ಮವರೆಗೆ ಬಂತು. ಸೈಟು ಆಕೆಯ ಜೊತೆ ನೇರವಾಗಿ ಮಾತಾಡಿದ್ದು ಅದೊಂದೇ ಕಡೆ, ಅಲ್ಲೇ ಮಾತು ಕೆಟ್ಟಿತ್ತು.

ಈ ಪೆಟ್ಟಿಗೆಗಳನ್ನೇ ತೆಗೆದುಹಾಕಿ ಅನ್ನುವವರೂ ಇದ್ದಾರೆ. ಅಷ್ಟು ಸುಲಭವಿಲ್ಲ. 2021ರಲ್ಲಿ ಕ್ರೋಮ್, ಪುಟದೊಳಗೆ ಕೂರಿಸಿದ ಬೇರೆ ಸೈಟಿನ ಚೌಕಟ್ಟಿನಿಂದ ಬರುವ ಅಲರ್ಟುಗಳನ್ನಷ್ಟೇ ತಡೆಯಹೊರಟು, ಡೆವಲಪರುಗಳ ವಿರೋಧದಿಂದ ಅದನ್ನು ಮುಂದೂಡಬೇಕಾಯಿತು. ಇನ್ನೂ ಬಹುಕಾಲ ಇವು ಇರುತ್ತವೆ.

ಹಾಗಾಗಿ ನನ್ನ ತಂಡದಲ್ಲಿ ಸ್ಕ್ರಿಪ್ಟ್ ಮೊದಲು ಸಂದೇಶವನ್ನು ಓದಬೇಕು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಬೇಕಾದ ಸಾಲಿನೊಂದಿಗೆ ಹೋಲಿಸಬೇಕು. ಒಮ್ಮೆ ಓಕೆ, ಇನ್ನೊಮ್ಮೆ ಕ್ಯಾನ್ಸಲ್ ಒತ್ತಿ ಅರ್ಜಿ ಏನಾಯಿತೆಂದು ನೋಡಬೇಕು. ಟೈಮ್ ಇಲ್ಲ ಅನ್ನುತ್ತಾರೆ. ಬರೆಯಬೇಕಾದ್ದು ನಾಲ್ಕಾರು ಸಾಲು. ಕ್ಯಾನ್ಸಲ್ ಒತ್ತಿ ನೋಡದ ಸ್ಕ್ರಿಪ್ಟನ್ನು ರಿವ್ಯೂನಲ್ಲಿ ನಾನು ವಾಪಸ್ ಕಳಿಸುತ್ತೇನೆ.