ನೋವಿಗೆ ನಮ್ಮ ನುಡಿ

ಗಾಯವು ಮಾಯ್ದ ಮೇಲೂ ಮಾಯದೆ ಉಳಿಯುವ ನೋವೊಂದುಂಟು. ಮೂರು ತಿಂಗಳನ್ನು ಮೀರಿ ಕಾಡುವ ಅಥವಾ ಮರುಕಳಿಸುವ ಇಂಥ ಬೇನೆಯನ್ನು ವೈದ್ಯಶಾಸ್ತ್ರವು ದೀರ್ಘಕಾಲಿಕ ನೋವೆಂದು ಕರೆಯುತ್ತದೆ. ಹತ್ತಿ ಗಿರಣಿಗಳಿಂದ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಗೆ, 1941ರಲ್ಲಿ ಆರಂಭವಾದ ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಹರಿಹರಕ್ಕೆ, ಇದು ಅಪರಿಚಿತವಾದ ಸಂಗತಿಯಲ್ಲ. ಗಿರಣಿಗಳ ಸದ್ದು ಬಹುಮಟ್ಟಿಗೆ ಅಡಗಿದೆ. ಆ ಲೇತ್ ಕಾರ್ಖಾನೆಯೂ ಇಂದಿಲ್ಲ. ಆದರೆ ಯಂತ್ರಗಳ ಮುಂದೆ ನಿಂತು ಸವೆದ ಸೊಂಟಕ್ಕೂ ಮೊಣಕಾಲಿಗೂ ನಿವೃತ್ತಿಯಿಲ್ಲ. ಮಂಡಕ್ಕಿ ಭಟ್ಟಿಗಳ ಕಾವಿನಲ್ಲಿ ಬಾಗಿ ದುಡಿಯುವವರ ಬೆನ್ನು ಇಂದಿಗೂ ನೋಯುತ್ತಲೇ ಇದೆ.

ಇಂಥ ನೋವಿಗೆ ಹೊಸದೊಂದು ಉಪಚಾರ ರೂಪುಗೊಳ್ಳುತ್ತಿದೆ. ವರ್ಚುಯಲ್ ರಿಯಾಲಿಟಿ ಎಂಬ ಕಣ್ಣಿನ ಸಾಧನವನ್ನು ಧರಿಸಿದವನ ಎದುರಿಗೆ ಕಲ್ಪಿತಲೋಕವೊಂದು ತೆರೆದುಕೊಳ್ಳುತ್ತದೆ. ಕಿವಿಯಲ್ಲಿ ಮೃದುವಾದ ಧ್ವನಿಯೊಂದು ಅವನನ್ನು ಸಂಮೋಹನದ ಏಕಾಗ್ರತೆಗೆ ಕರೆದೊಯ್ಯುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್‌ಸನ್ ಅವರು ಸುಟ್ಟಗಾಯದ ರೋಗಿಗಳಿಗೆ ಹಿಮಲೋಕವೊಂದನ್ನು ತೋರಿಸಿ ನೋವನ್ನು ತಗ್ಗಿಸಿದರು. ಈ ಸಾಧನದ ಮೂಲಕವೇ ಸಂಮೋಹನ ನೀಡಿದ ಪ್ರಯೋಗದ ವರದಿಯನ್ನು ಪ್ಯಾಟರ್‌ಸನ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು.

ಇದು ಕಣ್ಕಟ್ಟೆ? ಅಲ್ಲ. ಅರಿವಳಿಕೆಯ ಔಷಧಗಳು ಬಳಕೆಗೆ ಬರುವ ಮುನ್ನವೇ, 1845ರಲ್ಲಿ, ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯನು ರೋಗಿಗಳನ್ನು ಮಂಪರಿಗೆ ಒಯ್ದು ಶಸ್ತ್ರಕ್ರಿಯೆ ನಡೆಸಿದ್ದನು. ದಾವಣಗೆರೆಯಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಸ್ಥಾಪನೆಯಾದ 1965ರಲ್ಲಿಯೇ ಮೆಲ್ಝಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ತಮ್ಮ ಪ್ರಸಿದ್ಧ ಸಿದ್ಧಾಂತವನ್ನು ಮಂಡಿಸಿದರು: ನೋವಿನ ಸಂದೇಶವು ಬೆನ್ನುಹುರಿಯಲ್ಲಿ ಬಾಗಿಲೊಂದನ್ನು ದಾಟಬೇಕು; ಅದನ್ನು ತೆರೆಯುವ, ಮುಚ್ಚುವ ಶಕ್ತಿ ಮಿದುಳಿಗೂ ಉಂಟು. ಆದುದರಿಂದ ಮನಸ್ಸಿನಿಂದ ನೋವು ತಗ್ಗಿತೆಂದರೆ ಆ ನೋವು ಸುಳ್ಳೆಂದು ಅರ್ಥವಲ್ಲ. 'ಎಲ್ಲ ನಿನ್ನ ಮನಸ್ಸಿನದು' ಎಂದು ದುಡಿದು ದಣಿದವರನ್ನು ಗದರುವವರು ಇದನ್ನು ಅರಿಯಬೇಕು.

ಅತಿಯಾದ ಆಸೆಯೂ ಸಲ್ಲದು. ದೀರ್ಘಕಾಲಿಕ ಸೊಂಟನೋವಿಗಾಗಿ ರೂಪಿಸಿದ ಎಂಟು ವಾರಗಳ ಇಂಥದೊಂದು ಕ್ರಮಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2021ರ ನವೆಂಬರಿನಲ್ಲಿ ಅನುಮತಿ ನೀಡಿತು. ಅದು ಶುದ್ಧ ಸಂಮೋಹನವಲ್ಲ. ವಿಶ್ರಾಂತಿ, ಉಸಿರಾಟ, ಆಲೋಚನೆಯ ತಿದ್ದುಪಾಟುಗಳ ಶಿಕ್ಷಣ. 179 ಜನರ ಪರೀಕ್ಷೆಯಲ್ಲಿ ಆ ಶಿಕ್ಷಣ ಪಡೆದವರ ಪೈಕಿ ಶೇಕಡ 66 ಮಂದಿಗೆ ನೋವು ಶೇಕಡ 30ಕ್ಕಿಂತ ಹೆಚ್ಚು ತಗ್ಗಿತು. ಆದರೆ ಶಿಕ್ಷಣವಿಲ್ಲದೆ ಬರಿಯ ದೃಶ್ಯಗಳನ್ನು ನೋಡಿದವರಲ್ಲಿಯೂ ಶೇಕಡ 41 ಮಂದಿ ಅಷ್ಟೇ ಉಪಶಮನ ಕಂಡರು. ಕೆಲವರಿಗೆ ವಾಕರಿಕೆಯೂ ಆಯಿತು. ಆದುದರಿಂದ ಮೊದಲು ವೈದ್ಯರು ನೋವಿನ ಮೂಲವನ್ನು ಪರೀಕ್ಷಿಸಬೇಕು. ಈ ಉಪಚಾರ ಅನಂತರದ್ದು. ದುಡಿಮೆಯ ಸ್ಥಳವನ್ನು ಸುಧಾರಿಸದೆ ದುಡಿಯುವವನ ಕಣ್ಣಿಗೆ ಹಿಮಲೋಕವನ್ನು ತೊಡಿಸುವುದಂತೂ ವಂಚನೆಯಾದೀತು.

ಇಲ್ಲಿ ಸಾಹಿತ್ಯಪ್ರಿಯರಿಗೇನು ಕೆಲಸವೆಂದು ಕೇಳಬಹುದು. ಕೆಲಸವಿರುವುದೇ ಇಲ್ಲಿ. ಸಂಮೋಹನವು ನಡೆಯುವುದು ಮಾತಿನಿಂದ. ಪರಭಾಷೆಯ ಧ್ವನಿಗೆ ನಮ್ಮ ಭಟ್ಟಿಯ ತಾಯಿಯ ಮನಸ್ಸು ಸಡಿಲಗೊಳ್ಳುವುದೆಂತು? ರೋಗಿಗಳು ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಮಾತುಗಳನ್ನು ವರ್ಗೀಕರಿಸಿ ಮೆಲ್ಝಾಕ್ ಅವರು 1975ರಲ್ಲಿ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಕನ್ನಡವೇನು ಬಡವೆ? ಚಳಕು, ಸೆಳೆತ, ಸಿಡಿತ, ಉರಿ, ಜೋಮು, ಹಿಂಡುವುದು, ಕುಟುಕುವುದು, ಕೊರೆಯುವುದು: ಒಂದೊಂದೂ ಬೇರೊಂದು ನೋವು. 'ನೋವು' ಎಂದಷ್ಟೇ ಬರೆದುಕೊಳ್ಳುವ ವೈದ್ಯನಿಗೆ ಇವುಗಳ ಭೇದ ತಿಳಿಯಲಾರದು.

ದಾವಣಗೆರೆಯಲ್ಲಿ ವೈದ್ಯಕೀಯ ಕಾಲೇಜುಗಳಿವೆ; 2009ರಿಂದ ವಿಶ್ವವಿದ್ಯಾಲಯವೂ ಇದೆ. ವೈದ್ಯ ವಿದ್ಯಾರ್ಥಿಗಳೂ ಕನ್ನಡದ ಅಧ್ಯಾಪಕರೂ ಜೊತೆಗೂಡಿ ಈ ಮಾತುಗಳನ್ನು ಜನರ ಬಾಯಿಂದ ಸಂಗ್ರಹಿಸಲಿ. ತುಂಗಭದ್ರೆಯ ತೀರವನ್ನು, ಬೇಸಗೆಯ ಸಂಜೆಯ ತಂಪುಗಾಳಿಯನ್ನು ನೆನಪಿಗೆ ತರುವ ಕನ್ನಡದ ಸಂಮೋಹನ ಪಾಠಗಳನ್ನು ರಚಿಸಲಿ. ಸ್ವಸಂಮೋಹನವನ್ನು ಒಮ್ಮೆ ಕಲಿತವನಿಗೆ ಬೆಲೆಬಾಳುವ ಸಾಧನವೂ ಅನಿವಾರ್ಯವಲ್ಲ. ಧ್ವನಿಮುದ್ರಿತವಾದ ಒಳ್ಳೆಯ ಮಾತು ಸಾಕು. ಆ ಒಳ್ಳೆಯ ಮಾತನ್ನು ಒದಗಿಸಿಕೊಡುವುದು ನುಡಿಯನ್ನು ಬಲ್ಲವರ ಹೊಣೆ.