ಅವರ ವೈಫೈ, ಅವರದೇ ವಿಳಾಸ

2008ರ ಜುಲೈ 26ರ ಸಂಜೆ ಅಹಮದಾಬಾದಿನಲ್ಲಿ ಸರಣಿ ಬಾಂಬುಗಳು ಸಿಡಿದು 50ಕ್ಕೂ ಹೆಚ್ಚು ಜನ ಸತ್ತರು. ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಒಂದು ಇಮೇಲ್ ಬಂದಿತ್ತು. ಅದರ ಐಪಿ ವಿಳಾಸದ ಜಾಡು ಹಿಡಿದು ಹೊರಟ ಪೊಲೀಸರು ಹೋಗಿ ನಿಂತದ್ದು ನವಿ ಮುಂಬೈನ ಸಾನ್‌ಪಾಡಾದ ಒಂದು ಫ್ಲ್ಯಾಟಿನ ಬಾಗಿಲಲ್ಲಿ. ಅಲ್ಲಿ ವಾಸವಿದ್ದವರು ಅಮೆರಿಕದ ಪ್ರಜೆ. ಯಾರೋ ಅವರ ವೈಫೈ ಬಳಸಿ ಮೇಲ್ ಕಳಿಸಿ ಹೋಗಿದ್ದರು. ವಿಚಾರಣೆ ಎದುರಿಸಿದವರು ಮಾತ್ರ ಅವರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ಸ್ಫೋಟದ ವೇಳೆ ಬಂದ ಮೇಲ್ ಕೂಡ ಮುಂಬೈನ ಚೆಂಬೂರಿನ ಒಂದು ಕಂಪನಿಯ ವೈಫೈ ಮೂಲಕ ಹೋದದ್ದು.

ಪಕ್ಕದ ಮನೆಯ ವೈಫೈಗೆ ಪಾಸ್‌ವರ್ಡ್ ಇಲ್ಲದಿದ್ದರೆ ಬಳಸಿಕೊಳ್ಳುವುದು ತಪ್ಪೇ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಘಟನೆಯನ್ನೇ. ಅವರ ವಾದ ನನಗೆ ಗೊತ್ತು: ನೆರೆಮನೆಯ ದೀಪದ ಬೆಳಕು ನಮ್ಮ ಜಗಲಿಗೆ ಬಿದ್ದರೆ ಅದರಲ್ಲಿ ಕೂತು ಓದುವುದು ಕಳ್ಳತನವಾಗುತ್ತದೆಯೇ? ಆಗುವುದಿಲ್ಲ. ಆದರೆ ಆ ಬೆಳಕಿನಲ್ಲಿ ನಾವು ಏನು ಓದಿದೆವು ಎಂಬುದು ನೆರೆಯವರ ಹೆಸರಿನಲ್ಲಿ ಎಲ್ಲೂ ದಾಖಲಾಗುವುದಿಲ್ಲ. ವೈಫೈಯಲ್ಲಿ ದಾಖಲಾಗುತ್ತದೆ. ಒಂದು ರೂಟರ್‌ಗೆ ಸೇರಿದ ಫೋನು, ಲ್ಯಾಪ್‌ಟಾಪ್ ಎಲ್ಲವೂ ಹೊರಲೋಕಕ್ಕೆ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ ಕಾಣಿಸಿಕೊಳ್ಳುತ್ತವೆ. ಆ ವಿಳಾಸ ಯಾರದೆಂದು ಕೇಳಿದರೆ ಇಂಟರ್‌ನೆಟ್ ಕಂಪನಿ ಕೊಡುವುದು ಬಿಲ್ ಕಟ್ಟುವವರ ಹೆಸರನ್ನು. ಡೇಟಾ ಇಷ್ಟು ಅಗ್ಗವಾಗಿರುವ ಕಾಲದಲ್ಲಿ ನಾಲ್ಕು ವಿಡಿಯೊ ನೋಡಿದರೆ ಅವರಿಗೆ ದೊಡ್ಡ ನಷ್ಟವೇನೂ ಇಲ್ಲ, ನಿಜ. ಆದರೆ ಕೇಳದೆ ಬಳಸುವವರು ಅವರ ಹೆಸರನ್ನೂ ಕೇಳದೆ ಬಳಸುತ್ತಿರುತ್ತಾರೆ. ನನ್ನ ಆಕ್ಷೇಪ ಇರುವುದು ಅಲ್ಲಿ.

ನಮ್ಮ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43ನೇ ಸೆಕ್ಷನ್ ಪ್ರಕಾರ ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿ ಇಲ್ಲದೆ ಕಂಪ್ಯೂಟರ್ ಜಾಲವನ್ನು ಪ್ರವೇಶಿಸಿದರೆ ಪರಿಹಾರ ಕೊಡಬೇಕಾಗುತ್ತದೆ. ತಂತಿಯಿಲ್ಲದ ಜಾಲವೂ ಕಾಯ್ದೆಯ ವ್ಯಾಖ್ಯೆಯೊಳಗೇ ಬರುತ್ತದೆ. ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಉದ್ದೇಶದಿಂದ ಹಾಗೆ ಮಾಡಿದರೆ 66ನೇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಲ್ಲಿ ಕಾನೂನು ಕೇಳುವುದು ಅನುಮತಿ ಇತ್ತೇ ಎಂದು. ಪಾಸ್‌ವರ್ಡ್ ಇರಲಿಲ್ಲ ಎಂಬುದಷ್ಟೇ ಆ ಪ್ರಶ್ನೆಗೆ ಉತ್ತರವಾಗಲಾರದು.

ಹಾಗೆಂದು ಪ್ರತಿಯೊಬ್ಬರ ಮೇಲೂ ಕೇಸು ಹಾಕುತ್ತ ಹೋಗುವುದನ್ನು ನಾನು ಒಪ್ಪುವುದಿಲ್ಲ. 2007ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಸ್ಪಾರ್ಟಾ ಎಂಬ ಪುಟ್ಟ ಊರಿನಲ್ಲಿ ಒಬ್ಬ ಮನುಷ್ಯ ಕೆಫೆಯೊಂದರ ಹೊರಗೆ ಕಾರಿನಲ್ಲೇ ಕೂತು, ಅಲ್ಲಿನ ಗಿರಾಕಿಗಳಿಗೆಂದು ಇಟ್ಟಿದ್ದ ವೈಫೈಯಲ್ಲಿ ಇಮೇಲ್ ನೋಡಿಕೊಳ್ಳುತ್ತಿದ್ದ. ಅವನಿಗೆ 400 ಡಾಲರ್ ದಂಡ ಮತ್ತು ಸಮುದಾಯ ಸೇವೆಯ ಶಿಕ್ಷೆಯಾಯಿತು. ಅದು ಅಪರಾಧವೆಂದು ಕೆಫೆಯವರಿಗೇ ಗೊತ್ತಿರಲಿಲ್ಲ. ಒಳಗೆ ಹೋಗಿ ಒಂದು ಮಾತು ಕೇಳು ಎಂದು ಹೇಳಿ ಮುಗಿಸಬಹುದಾಗಿದ್ದ ಸಂಗತಿ ಅದು.

ಇನ್ನೊಂದು ಬದಿಯಲ್ಲಿ, ಹೊಣೆಯನ್ನೆಲ್ಲ ಮಾಲೀಕರ ತಲೆಗೆ ಕಟ್ಟುವುದೂ ಅನ್ಯಾಯ. ಜರ್ಮನಿಯಲ್ಲಿ ರಜೆಗೆ ಹೋಗಿದ್ದವರೊಬ್ಬರ ವೈಫೈ ಬಳಸಿ ಯಾರೋ ಹಾಡೊಂದನ್ನು ಅಕ್ರಮವಾಗಿ ಹಂಚಿದ್ದರು. ಜಾಲವನ್ನು ಸರಿಯಾದ ಪಾಸ್‌ವರ್ಡ್‌ನಿಂದ ಕಾಯ್ದುಕೊಳ್ಳುವುದು ಮಾಲೀಕರ ಕರ್ತವ್ಯವೆಂದು 2010ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ ಹೇಳಿತು. ಇಂಥ ಹೊಣೆಗಾರಿಕೆಯ ಭಯದಿಂದ ಕೆಫೆಗಳು ವೈಫೈ ಕೊಡಲು ಹಿಂಜರಿದವು. ಕೊನೆಗೆ 2017ರಲ್ಲಿ ಕಾನೂನನ್ನೇ ಸಡಿಲಿಸಬೇಕಾಯಿತು.

ಹೆದರಿ ಎಲ್ಲರೂ ಬಾಗಿಲು ಹಾಕಿಕೊಂಡರೆ ನಷ್ಟವಾಗುವುದು ಯಾರಿಗೆ? ಕೊರೊನಾ ಕಾಲದಲ್ಲಿ ಸುಳ್ಯ ತಾಲ್ಲೂಕಿನಲ್ಲಿ ಆನ್‌ಲೈನ್ ಪಾಠ ಕೇಳುತ್ತ ರಸ್ತೆ ಬದಿಯಲ್ಲಿ ಕೂತ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪನ ಫೋಟೊವನ್ನು ನಾವೆಲ್ಲ ನೋಡಿದ್ದೇವೆ. ಅಂಥ ಮಗು ಬಂದು ಕೇಳಿದರೆ ವೈಫೈ ಇದ್ದವರು ಕೊಡಬೇಕು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಅದಕ್ಕೆ ದಾರಿಯೂ ಇದೆ. ಈಗಿನ ಬಹುತೇಕ ರೂಟರ್‌ಗಳಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಎಂಬ ಸೌಲಭ್ಯವಿರುತ್ತದೆ. ಮನೆಯವರ ಫೋನು, ಕಂಪ್ಯೂಟರುಗಳಿಂದ ಬೇರೆಯಾಗಿ ಬಂದವರಿಗೆ ಒಂದು ಪ್ರತ್ಯೇಕ ಪಾಸ್‌ವರ್ಡ್ ಕೊಡಬಹುದು, ಬೇಡವಾದಾಗ ಬದಲಿಸಬಹುದು. ಐಪಿ ವಿಳಾಸ ಆಗಲೂ ಮನೆಯವರದೇ, ಆದ್ದರಿಂದ ಗುರುತಿದ್ದವರಿಗೆ ಮಾತ್ರ ಕೊಡಿ.

ಗುರುತಿಲ್ಲದವರಿಗೂ ಸಿಗಬೇಕೆಂದರೆ ಸಾರ್ವಜನಿಕ ವೈಫೈಯೇ ಬೇಕು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಿ ಕಿರಾಣಿ ಅಂಗಡಿಯವರೂ ಪರವಾನಗಿಯ ರಗಳೆಯಿಲ್ಲದೆ ವೈಫೈ ಸೇವೆ ಕೊಡಬಹುದು. ಬಳಸುವವರು ತಮ್ಮ ಮೊಬೈಲ್ ನಂಬರಿನಿಂದಲೇ ಸೇರುವುದರಿಂದ ಅವರ ಕೆಲಸಕ್ಕೆ ಅಂಗಡಿಯವರು ಅನುಮಾನಕ್ಕೆ ಗುರಿಯಾಗುವ ಭಯ ಕಡಿಮೆ. ನಮ್ಮ ಗ್ರಾಮ ಪಂಚಾಯಿತಿಗಳು ಊರಿನ ಹಾಲಿನ ಡೇರಿ, ಬಸ್ ನಿಲ್ದಾಣದ ಪಕ್ಕದ ಹೋಟೆಲುಗಳನ್ನು ಇದಕ್ಕೆ ಸೇರಿಸುವ ಕೆಲಸವನ್ನು ಕೈಗೆತ್ತಿಕೊಳ್ಳಲಿ.